ಅಪ್ಪನಿಗೊಂದು ತುಂಡು ಪೋರ್ಚುಗೀಸ್ ಉಪ್ಪುಮೀನು

ಸ್ಟುಟ್‌ಗಾರ್ಟಿಗೆ ಬಂದ ಪ್ರವಾಸಿಗರು ಸಾಂಪ್ರದಾಯಿಕ ಪೋರ್ಚುಗೀಸ್ ಉಪ್ಪುಮೀನನ್ನು ಎಲ್ಲಿ ತಿನ್ನಬೇಕು ಎಂದು ಇಂಟರ್ನೆಟ್ಟಿನಲ್ಲಿ ಸಲಹೆ ಬರೆಯುವವರು ಎರಡು ಬಗೆ. ಒಂದು ಬಗೆಯವರು ಸ್ಟುಟ್‌ಗಾರ್ಟ್ ನೋಡಿಲ್ಲ, ಇನ್ನೊಂದು ಬಗೆಯವರು ಉಪ್ಪುಮೀನು ನೋಡಿಲ್ಲ. ಇಬ್ಬರ ಮಾತನ್ನೂ ನಂಬಿ ನಾನು ಅಪ್ಪನನ್ನು ಊರೆಲ್ಲ ಸುತ್ತಿಸಿದೆ. ಹದಿಮೂರು ವರ್ಷದಿಂದ ಇಲ್ಲೇ ಬಿದ್ದುಕೊಂಡಿರುವವಳು ಪ್ರವಾಸಿಗರ ಪಟ್ಟಿ ಹಿಡಿದು ಅಲೆಯುವುದಕ್ಕೆ ಕಾರಣ ಇಷ್ಟೇ: ಅಪ್ಪ ಊರಿಗೆ ವಾಪಸು ಹೊರಟಿದ್ದ, ಹನ್ನೆರಡು ದಿನ ಉಳಿದಿತ್ತು, ಅಷ್ಟರೊಳಗೆ ಅವನ ಹೊಟ್ಟೆಗೆ ಮನಸಾರೆ ಒಂದು ಊಟ ಬೀಳಬೇಕಿತ್ತು.

ಅಪ್ಪ ಉತ್ತರ ಕನ್ನಡದ ಕರಾವಳಿಯವನು. ಬದುಕಿಡೀ ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು, ಸಂಜೆ ಮೀನುಪೇಟೆ ಹೊಕ್ಕು ಮನೆಗೆ ಬರುತ್ತಿದ್ದವನು. ಮೀನಿಲ್ಲದ ದಿನ ಅವನ ಲೆಕ್ಕಕ್ಕೆ ಉಪವಾಸ. ಮಳೆಗಾಲದಲ್ಲಿ ದೋಣಿ ಇಳಿಯದಿದ್ದರೆ ಕೆಂಡದ ಮೇಲೆ ಸುಟ್ಟ ಒಣಬಂಗಡೆ, ಕುಚ್ಚಲಕ್ಕಿ ಗಂಜಿ. ಅಮ್ಮ ತೀರಿಕೊಂಡ ಮೇಲೆ ಅಣ್ಣನ ಸಂಸಾರದ ಜೊತೆಗಿದ್ದಾನೆ. ಮೂರು ತಿಂಗಳ ವೀಸಾ ಮಾಡಿಸಿ ಅವನನ್ನು ಕರೆಸಿಕೊಂಡೆ. ಹೊರಡುವ ಮೊದಲು ಫೋನಿನ ಮೇಲೆ ಫೋನು ಮಾಡಿ, ಒಣಮೀನು ಮಾತ್ರ ತರಬೇಡ, ವಿಮಾನ ನಿಲ್ದಾಣದಲ್ಲಿ ನಾಯಿ ಮೂಸಿ ಹಿಡಿಯುತ್ತದೆ, ನನ್ನ ಮಾನ ಹೋಗುತ್ತದೆ ಎಂದು ಎಚ್ಚರಿಸಿದ್ದೆ. ಅಪ್ಪ ತರಲಿಲ್ಲ. ನಾಯಿಯೂ ಇರಲಿಲ್ಲ.

ನನ್ನ ಗಂಡ ಹುಬ್ಬಳ್ಳಿ ಕಡೆಯವನು, ಹುಟ್ಟಾ ಸಸ್ಯಾಹಾರಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಮನೆಯಲ್ಲಿ ಮೀನು ಬೇಯಿಸಬಾರದು ಎಂದು ಅವನು ಒಂದು ದಿನವೂ ಹೇಳಿದವನಲ್ಲ. ಹೇಳದೆ ಇದ್ದುಕೊಂಡೇ ಹದಿಮೂರು ವರ್ಷ ಸಾಧಿಸಿದ್ದಾನೆ. ಸಾಲದ್ದಕ್ಕೆ ನಮ್ಮದು ಬಾಗಿಲಿಲ್ಲದ ಅಡುಗೆಮನೆ. ಸಾಸಿವೆ ಸಿಡಿಸಿದರೆ ಮಲಗುವ ಕೋಣೆಯ ದಿಂಬಿಗೂ ಒಗ್ಗರಣೆ ಬೀಳುತ್ತದೆ. ಹಾಗಾಗಿ ಅಪ್ಪನ ಪಾಲಿಗೆ ಬಂದದ್ದು ಚಪಾತಿ, ಪಲ್ಯ, ಬೇಳೆಸಾರು, ಮತ್ತು ಆರೋಗ್ಯಕ್ಕೆ ಒಳ್ಳೆಯದೆಂದು ನಾವು ಬಾಯಿಪಾಠ ಮಾಡಿಕೊಂಡಿರುವ ಕರಿಬ್ರೆಡ್ಡು.

ಅಪ್ಪ ಗೊಣಗುವವನಲ್ಲ. ನಾವಾದರೂ ಕೇಳದೆ ಬಿಟ್ಟವರಲ್ಲ. ಪ್ರತಿ ರಾತ್ರಿ ಊಟದ ಮೇಜಿನಲ್ಲಿ ನಮ್ಮ ಆತಿಥ್ಯ ಗಡಿಯಾರದ ಹಾಗೆ ನಡೆಯುತ್ತಿತ್ತು.

"ಅಪ್ಪಾ, ಇನ್ನೊಂದು ಚಪಾತಿ?"

"ಬೇಡ."

"ಸರಿ."

ನಾನು ಡಬ್ಬಿಯ ಮುಚ್ಚಳ ಒತ್ತುತ್ತಿದ್ದೆ. ಗಂಡ ತನ್ನ ಕಡೆಯಿಂದ, "ಮಾವಾರ, ಅನ್ನ ಹಾಕ್ಲ್ಯಾ?" ಎನ್ನುತ್ತಿದ್ದ. ಅಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು, ಸಾಕು," ಎನ್ನುತ್ತಿದ್ದ. ಗಂಡ ಚಮಚವನ್ನು ಪಾತ್ರೆಗೆ ವಾಪಸು ಇಡುತ್ತಿದ್ದ. ಎಂಟು ವರ್ಷದ ಮಗಳು ಒಮ್ಮೆ ಅಜ್ಜನ ತಟ್ಟೆಗೆ ತಾನೇ ಮೊಸರು ಸುರಿಯಲು ಹೋದವಳು ಅರ್ಧದಲ್ಲಿ ಕೈ ಹಿಂದಕ್ಕೆ ತೆಗೆದುಕೊಂಡು ನನಗೆ ವರದಿ ಒಪ್ಪಿಸಿದಳು: "ಅಮ್ಮಾ, ಅಜ್ಜ ನೈನ್ ಅಂದ್ರು. ನೈನ್ ಹೈಸ್ಟ್ ನೈನ್." ಬೇಡ ಅಂದರೆ ಬೇಡ ಎಂದರ್ಥ. ಇಲ್ಲಿಯ ಶಿಶುವಿಹಾರದಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಅದು. ನನಗೆ ಮಗಳ ಬಗ್ಗೆ ಹೆಮ್ಮೆಯೇ ಆಯಿತು.

"ಬ್ಯಾಡ ಅಂದ್ರ ಬ್ಯಾಡ ಬಿಡು. ಊಟ ತನ್ನಿಚ್ಛೆ," ಎಂದು ಗಂಡ ಗಾದೆಯ ಅರ್ಧವನ್ನು ಹೇಳಿ ತನ್ನ ತಟ್ಟೆಗೆ ಮೂರನೇ ಚಪಾತಿ ಹಾಕಿಕೊಂಡ.

ನಾಲ್ಕನೇ ವಾರ ಅಪ್ಪ ನನ್ನ ಹತ್ತಿರ ಸುತ್ತಿಗೆ, ಮೊಳೆ ಕೇಳಿದ. ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತನ್ನ ಬೆಲ್ಟಿಗೆ ಹೊಸ ತೂತು ಹೊಡೆದ. ಭಾನುವಾರ ಮಧ್ಯಾಹ್ನ. ಐದು ನಿಮಿಷದಲ್ಲಿ ಕೆಳಮನೆಯ ಮುದುಕ ಬಾಗಿಲಿಗೆ ಬಂದು ರೂಹೆಟ್ಸೈಟಿನ ಬಗ್ಗೆ, ಅಂದರೆ ಇಡೀ ದೇಶ ಉಸಿರು ಬಿಗಿಹಿಡಿದು ಕೂರಬೇಕಾದ ಹೊತ್ತಿನ ಬಗ್ಗೆ, ನನಗೊಂದು ಉಪನ್ಯಾಸ ಕೊಟ್ಟ. ಅವನಿಗೆ ಕ್ಷಮೆ ಕೇಳುವ ಗಡಿಬಿಡಿಯಲ್ಲಿ, ಅಪ್ಪನ ಬೆಲ್ಟಿಗೆ ಹೊಸ ತೂತು ಯಾಕೆ ಬೇಕಾಯಿತು ಎಂದು ಯೋಚಿಸಲು ನನಗೆ ಪುರುಸೊತ್ತಾಗಲಿಲ್ಲ. ಯೋಚಿಸಿದಾಗಲೂ ಖುಷಿಯೇ ಪಟ್ಟೆ. ಸ್ಟುಟ್‌ಗಾರ್ಟಿನ ಏರು ಹತ್ತಿ ಇಳಿದು ಅಪ್ಪ ತೆಳ್ಳಗಾಗಿದ್ದಾನೆ, ಶುಗರಿಗೆ ಒಳ್ಳೆಯದು ಎಂದು ಅಣ್ಣನಿಗೆ ಫೋಟೋ ಕಳಿಸಿದೆ.

ಐದನೇ ವಾರ ತುಂಬಿದ ದಿನ ಅಪ್ಪ ಚಹಾ ಕುಡಿದು ಲೋಟ ತೊಳೆದಿಟ್ಟು ನನ್ನ ಪಕ್ಕ ಬಂದು ಕೂತ.

"ಬಂದು ಐದು ವಾರ ಆಯ್ತು. ಇನ್ನು ನಾ ಹೊರಡ್ತೆ ಅಂತ ಮಾಡಿದೆ. ನಿಮಗೂ ಕೆಲ್ಸ-ಬೊಗ್ಸೆ ಅದೆ."

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಯಾವ ತಾರೀಖಿಗೆ ನೋಡ್ಲಿ ಅಪ್ಪಾ?" ಎಂದು ಕೇಳಿದೆ.

ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. "ನಿಂಗೆ ಅನುಕೂಲ ಇದ್ದ ಹಾಗೆ," ಎಂದ.

ಹತ್ತು ನಿಮಿಷ. ಬರೀ ಹತ್ತು ನಿಮಿಷದಲ್ಲಿ ಮೂರು ತಿಂಗಳ ಟಿಕೆಟನ್ನು ಏಳು ವಾರಕ್ಕೆ ಇಳಿಸಿ, ಪ್ರಿಂಟು ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಅಪ್ಪನ ಕೈಗೆ ಕೊಟ್ಟೆ. ಗಂಡ ಬಂದಾಗ ನನ್ನ ಚುರುಕುತನವನ್ನು ವಿವರಿಸಿದೆ. ಹಿರಿಯರನ್ನು ನಮ್ಮ ಇಷ್ಟಕ್ಕೆ ಕಟ್ಟಿಹಾಕಬಾರದು, ಅವರ ನಿರ್ಧಾರವನ್ನು ಗೌರವಿಸಬೇಕು ಎಂದೆಲ್ಲ ಇಬ್ಬರೂ ಒಪ್ಪಿಕೊಂಡೆವು. ಅಷ್ಟು ಪ್ರಬುದ್ಧ ಸಂಸಾರ ನಮ್ಮದು. ಅಪ್ಪ ಆ ಕವರನ್ನು ಬ್ಯಾಗಿನ ಜಿಪ್ಪಿನಲ್ಲಿಟ್ಟು ಬೇಗ ಮಲಗಿದ.

ಆಮೇಲೆ ನನಗೆ ಹೊಳೆಯಿತು, ಅಪ್ಪ ಹೊರಟಿರುವುದು ಮೀನಿಲ್ಲದ್ದಕ್ಕೆ. ಮತ್ತೇನು ಕಾರಣ ಇರಲು ಸಾಧ್ಯ? ಮನೆ ಬೆಚ್ಚಗಿದೆ, ಮಗಳು ಸಂಬಳ ತರುತ್ತಾಳೆ, ಅಳಿಯ ಎದುರಾಡುವುದಿಲ್ಲ, ಕಸವನ್ನು ನಾಲ್ಕು ಬಣ್ಣದ ಡಬ್ಬಿಗೆ ಹಾಕುವುದನ್ನೂ ಕಲಿತಾಗಿದೆ. ಕೊರತೆ ಮೀನಿನದೇ. ಅದೂ ಅವನ ಜೀವವಾದ ಒಣಮೀನಿನದು. ಆಫೀಸಿನ ಕಾಫಿ ಮೆಷಿನ್ನಿನ ಮುಂದೆ ಇದನ್ನು ಹೇಳಿಕೊಂಡಾಗ, ಪಕ್ಕದ ಟೀಮಿನ ಪೋರ್ಚುಗೀಸ್ ಸಹೋದ್ಯೋಗಿಯೊಬ್ಬ, "ನಿಮ್ಮಪ್ಪನಿಗೆ ಬಕಲ್ಯಾವ್ ತಿನ್ನಿಸು," ಎಂದ. ಕಾಡ್ ಎಂಬ ದೊಡ್ಡ ಮೀನನ್ನು ಸೀಳಿ, ಉಪ್ಪು ಹಾಕಿ, ಹಲಗೆಯ ಹಾಗೆ ಒಣಗಿಸಿದ್ದು. ಅವರ ದೇಶದಲ್ಲಿ ಅದಿಲ್ಲದೆ ಹಬ್ಬವಿಲ್ಲವಂತೆ. ಎಲ್ಲಿ ಸಿಗುತ್ತದೆ ಎಂದು ಕೇಳುವ ಮೊದಲೇ ಅವನಿಗೆ ಮೀಟಿಂಗು ಬಂತು. ನಾನು ಇಂಟರ್ನೆಟ್ಟಿಗೆ ಶರಣಾದೆ.

ಪಟ್ಟಿಯ ಮೊದಲನೆಯ ಜಾಗ ಊರ ನಡುವೆ, ಬಿಳಿ ಮೇಜುಬಟ್ಟೆ, ಮೊಂಬತ್ತಿ. "ಅಜ್ಜಿಯ ಕೈರುಚಿ" ಎಂದು ಯಾರೋ ಐದು ನಕ್ಷತ್ರ ಕೊಟ್ಟಿದ್ದರು. ಕರಿಕಲ್ಲಿನ ಚಪ್ಪಡಿಯ ಮೇಲೆ ವಿಸಿಟಿಂಗ್ ಕಾರ್ಡಿನಷ್ಟು ಮೀನು ಬಂತು. ಅದರ ಮೇಲೆ ನೊರೆ. ನೊರೆ ಯಾವುದರದ್ದೆಂದು ಮಾಣಿ ಎರಡು ನಿಮಿಷ ವಿವರಿಸಿದ. ಅಷ್ಟರಲ್ಲಿ ಅದು ಇಂಗಿಹೋಗಿತ್ತು. ಅಪ್ಪ ಎರಡು ತುತ್ತಿಗೆ ಮುಗಿಸಿ ಕಲ್ಲಿನ ಕಡೆ ನೋಡುತ್ತ ಕೂತ.

"ಹೆಂಗಿತ್ತು ಅಪ್ಪಾ?"

"ಚಲೋ ಅದೆ."

"ಇನ್ನೇನಾದ್ರೂ ಬೇಕಾ?"

"ಬೇಡ ಬೇಡ."

ಮಾಣಿಗೆ ಬಿಲ್ ತರಲು ಹೇಳಿದೆ. ಮನೆಗೆ ಬಂದ ಮೇಲೆ ನೀರು ಕುಡಿಯಲು ಎದ್ದರೆ ಅಪ್ಪ ಅಡುಗೆಮನೆಯಲ್ಲಿ ನಿಂತುಕೊಂಡು ಬಾಳೆಹಣ್ಣು ತಿನ್ನುತ್ತಿದ್ದ. ನನ್ನನ್ನು ಕಂಡು ಸಿಪ್ಪೆಯನ್ನು ಯಾವ ಬಣ್ಣದ ಡಬ್ಬಿಗೆ ಹಾಕಲಿ ಎಂದು ಕೇಳಿದ. ಆ ಹೋಟೆಲಿಗೆ ಒಂದು ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಂಡೆ.

ಎರಡನೆಯ ಜಾಗದ ಹೊರಗೆ ಕೋಳಿಹುಂಜದ ಚಿತ್ರ, ಒಳಗೆ ನೀಲಿ ಹೆಂಚು, ಪಟ್ಟಿಯಲ್ಲಿ "ಲಿಸ್ಬನ್ನಿಗೆ ಹೋಗಿ ಬಂದಂತೆ" ಎಂಬ ಶಿಫಾರಸು. ಉಪ್ಪುಮೀನು ಕೇಳಿದರೆ ಅಲ್ಲಿಯ ಹುಡುಗಿ, ಅದನ್ನು ಯಾರೂ ಕೇಳುವುದಿಲ್ಲ, ಫೋಟೋ ಹಳೆಯದು, ಪಿಜ್ಜಾ ಚೆನ್ನಾಗಿದೆ ಎಂದಳು. ಅಪ್ಪ ಪಿಜ್ಜಾ ತಿಂದ. ಅದರ ಬಗ್ಗೆಯೂ "ಚಲೋ ಅದೆ" ಎಂದೇ ಹೇಳಿದ. ಅವನು ಚಲೋ ಇಲ್ಲ ಅಂದದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ಮರುದಿನ ಆಫೀಸಿನಲ್ಲಿ ಆ ಪೋರ್ಚುಗೀಸ್ ಮಹಾಶಯನನ್ನು ಹಿಡಿದು ದಬಾಯಿಸಿದೆ. ಅವನು ನನ್ನ ಪಟ್ಟಿ ನೋಡಿ ನಕ್ಕ. "ಇಲ್ಲಿಗೆಲ್ಲ ಹೋಗುವವರು ಟೂರಿಸ್ಟುಗಳು. ನೀನು ನಮ್ಮವರ ಸಂಘಕ್ಕೆ ಹೋಗು. ಆದರೆ ಮೊದಲು ಫೋನು ಮಾಡು," ಎಂದು ಒಂದು ನಂಬರು ಕೊಟ್ಟ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

ಫೋನು ಎತ್ತಿದವಳು ವಯಸ್ಸಾದ ಹೆಂಗಸು. ಅವಳ ಜರ್ಮನ್ ನನ್ನದಕ್ಕಿಂತ ಹಳೆಯದು, ನನ್ನದಕ್ಕಿಂತ ಹರಕು, ನನ್ನದಕ್ಕಿಂತ ಧೈರ್ಯದ್ದು.

"ಬಕಲ್ಯಾವ್ ಶುಕ್ರವಾರ ಮಾತ್ರ. ಇವತ್ತು ಬುಧವಾರ, ಪುಣ್ಯಕ್ಕೆ ನೀನು ಇವತ್ತೇ ಹೇಳಿದೆ. ಎರಡು ದಿನ ನೀರಲ್ಲಿ ಇಡಬೇಕು, ನೀರು ಬದಲಿಸಬೇಕು, ಉಪ್ಪು ಬಿಡಬೇಕು. ಎಷ್ಟು ಜನ?"

"ಇಬ್ಬರು."

"ಹಸಿವು ಎಷ್ಟು?"

ಈ ದೇಶದಲ್ಲಿ ನನ್ನ ವಿಮೆ ಸಂಖ್ಯೆ ಕೇಳಿದ್ದಾರೆ, ತೆರಿಗೆ ವರ್ಗ ಕೇಳಿದ್ದಾರೆ, ಮನೆ ಬಾಡಿಗೆಗೆ ಕೊಡುವಾಗ ಪಿಯಾನೋ ಬಾರಿಸುತ್ತೀಯಾ ಎಂದೂ ಕೇಳಿದ್ದಾರೆ. ಹಸಿವು ಎಷ್ಟೆಂದು ಯಾರೂ ಕೇಳಿರಲಿಲ್ಲ. "ನಾರ್ಮಲ್," ಎಂದೆ.

"ಹಾಗಾದರೆ ನಾಲ್ಕು ಜನಕ್ಕೆ ನೆನೆಸುತ್ತೇನೆ," ಎಂದು ಫೋನು ಇಟ್ಟಳು.

ಶುಕ್ರವಾರ ಗಂಡ, ಮಗಳು ಮನೆಯಲ್ಲೇ ಉಳಿದರು. ನಾನೂ ಅಪ್ಪನೂ ಸ್ಟಾಟ್‌ಬಾನ್ ಎಂಬ ಊರೊಳಗಿನ ರೈಲು ಹಿಡಿದು, ಕೊನೆಯ ಸ್ಟಾಪಿನಲ್ಲಿ ಇಳಿದು, ಕಾರ್ಖಾನೆಗಳ ನಡುವೆ ನಡೆದೆವು. ಟೈರ್ ಅಂಗಡಿಯ ಹಿಂದೆ ಒಂದು ಶೆಡ್ಡಿನಂಥ ಕಟ್ಟಡ. ಒಳಗೆ ಟ್ಯೂಬ್‌ಲೈಟು, ಮೇಜಿನ ಮೇಲೆ ಕಾಗದ ಹಾಸು, ಗೋಡೆಯಲ್ಲಿ ಫುಟ್‌ಬಾಲ್ ಹಚ್ಚಿಟ್ಟ ಟೀವಿ, ಇಸ್ಪೀಟು ಆಡುತ್ತಿದ್ದ ನಾಲ್ವರು ಮುದುಕರು. ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು ವಾಪಸು ಹೋಗುತ್ತೇವೆ ಎಂದು ಬಂದವರಂತೆ, ಮೊಮ್ಮಕ್ಕಳ ಮದುವೆ ಮಾಡಿ ಮುಗಿಸಿದ್ದಾರೆ. ನಾವೂ ಎರಡೇ ವರ್ಷಕ್ಕೆ ಬಂದವರು, ಆದ್ದರಿಂದ ಅವರನ್ನು ನೋಡಿ ನಗಲಿಲ್ಲ. ಅಪ್ಪ ಅವರ ಕಡೆ ನೋಡಿ ತಲೆಯಾಡಿಸಿದ, ಅವರೂ ತಲೆಯಾಡಿಸಿದರು. ಆರು ವಾರದಲ್ಲಿ ಸ್ಟುಟ್‌ಗಾರ್ಟಿನ ಬೀದಿಯಲ್ಲಿ ಅಪ್ಪ ಇದೇ ಕೆಲಸ ಮಾಡಿ ಯಾರಿಂದಲೂ ಉತ್ತರ ಪಡೆದಿರಲಿಲ್ಲ.

ಫೋನಿನ ಹೆಂಗಸು ಅಡುಗೆಮನೆಯಿಂದ ಹೊರಬಂದಳು. ಅಡ್ಡಡ್ಡ ಆಳು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ನನಗೆ, "ಇವನು ನಾರ್ಮಲ್ಲಾ?" ಎಂದು ಕೇಳಿದಳು. ಮೆನು ಕಾರ್ಡು ಇಲ್ಲ. ಮಣ್ಣಿನ ತಟ್ಟೆಯಲ್ಲಿ ಅಂಗೈ ಅಗಲದ, ಅಂಗೈ ದಪ್ಪದ ಮೀನಿನ ತುಂಡು ಬಂತು. ಕೆಂಡದಲ್ಲಿ ಸುಟ್ಟದ್ದು, ಅಂಚು ಕರಕಲು. ಜೊತೆಗೆ ಗುದ್ದಿ ಒಡೆದ ಇಡೀ ಆಲೂಗಡ್ಡೆ, ಬೆಳ್ಳುಳ್ಳಿ, ಈಜಾಡುವಷ್ಟು ಆಲಿವ್ ಎಣ್ಣೆ.

ಅಪ್ಪ ಫೋರ್ಕನ್ನು ಪಕ್ಕಕ್ಕಿಟ್ಟು ಬೆರಳಲ್ಲಿ ಮೀನು ಒತ್ತಿದ. ಪದರ ಪದರವಾಗಿ ಬಿಟ್ಟಿತು. ಬಾಯಿಗೆ ಹಾಕಿ ಅಗಿದ. ನಾನು ಪರೀಕ್ಷೆಯ ಫಲಿತಾಂಶಕ್ಕೆ ನಿಂತವಳಂತೆ ಅವನ ಮುಖ ನೋಡಿದೆ.

"ನಮ್ಮ ಒಣಬಂಗಡೆ ಮುಂದೆ ಇದೆಂತದೂ ಅಲ್ಲ," ಎಂದ. "ಉಪ್ಪೆಲ್ಲ ತೊಳ್ದು ಚೆಲ್ಯಾಳೆ. ಖಾರ ಇಲ್ಲ, ಹುಳಿ ಇಲ್ಲ."

ಇಷ್ಟು ದಿನದ ತಪಸ್ಸು ಹೊಳೆಯಲ್ಲಿ ಹೋಮ. ಆದರೆ ಅಪ್ಪ ತಿನ್ನುವುದನ್ನು ನಿಲ್ಲಿಸಲಿಲ್ಲ. ಮುಳ್ಳು ಒಂದು ಕಡೆ ಒಟ್ಟುತ್ತ, ಎಣ್ಣೆಯಲ್ಲಿ ಆಲೂಗಡ್ಡೆ ಒರೆಸುತ್ತ ತಟ್ಟೆ ಖಾಲಿ ಮಾಡಿದ. ಆ ಹೆಂಗಸು ದೊಡ್ಡ ಪಾತ್ರೆ ಹಿಡಿದು ಬಂದು ಅವನ ಪಕ್ಕ ನಿಂತಳು. ಅಪ್ಪ ಎಂದಿನಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ನೋ, ನೋ," ಎಂದ.

ಅವಳು ಅವನ ಕೈಯನ್ನು ನೊಣ ಸರಿಸಿದಂತೆ ಸರಿಸಿ ಇನ್ನೊಂದು ತುಂಡು ಹಾಕಲು ಹೋದಳು.

ನನ್ನೊಳಗಿನ ಪ್ರಜ್ಞಾವಂತ ನಾಗರಿಕಳಿಗೆ ಸಹಿಸಲಾಗಲಿಲ್ಲ. "ದಯವಿಟ್ಟು ಬೇಡ, ಅವರು ಬೇಡ ಅಂದಿದ್ದಾರೆ," ಎಂದು ನನ್ನ ಶುದ್ಧ ಜರ್ಮನ್‌ನಲ್ಲಿ ತಡೆದೆ.

ಅವಳು ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ನನಗೆ ಮೈ ಹುಷಾರಿಲ್ಲವೇನೋ ಎಂಬಂತೆ.

"ಒಂದೇ ಸಲ ಅಂದಿದ್ದಾನಲ್ಲ," ಎಂದಳು.

ತುಂಡು ತಟ್ಟೆಗೆ ಬಿತ್ತು. ಅಪ್ಪ ಅಯ್ಯೋ ಇದೆಂತ, ಇಷ್ಟೆಲ್ಲ ಎಂತಕ್ಕೆ ಎಂದು ಗೊಣಗುತ್ತ ಅದನ್ನೂ ಮುಗಿಸಿದ. ಅವಳು ಮತ್ತೆ ಬಂದಳು. ಅಪ್ಪ ಮತ್ತೆ ಕೈ ಅಡ್ಡ ಹಿಡಿದ, ಈ ಸಲ ನಗುತ್ತ, ಬೆರಳು ಅಗಲಿಸಿ. ಅವಳು ಬೆರಳ ಸಂದಿಯಿಂದಲೇ ಎರಡು ಆಲೂಗಡ್ಡೆ ಇಳಿಸಿದಳು. ಮೂರನೇ ಸಲ ಅಪ್ಪ ಇಡೀ ಎದೆಯನ್ನು ತಟ್ಟೆಯ ಮೇಲೆ ಬಗ್ಗಿಸಿ ಎರಡೂ ಕೈ ಜೋಡಿಸಿದ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಇಬ್ಬರಿಗೂ ಗೊತ್ತಿರುವ ಒಂದು ಭಾಷೆಯೂ ಇಲ್ಲ. ಆದರೂ ಯಾವ ಬೇಡ ಬೇಡವಲ್ಲ, ಯಾವುದು ಬೇಡ ಎನ್ನುವುದು ಅವಳಿಗೆ ಗೊತ್ತಿತ್ತು.

ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಏನು? ನಮ್ಮೂರಲ್ಲಿ ಮೊದಲ ಬೇಡ ಮರ್ಯಾದೆಗೆ. ಎರಡನೆಯ ಬೇಡ ಬಡಿಸುವವರ ಮನಸ್ಸು ನೋಡಲಿಕ್ಕೆ. ಮೂರನೆಯದಕ್ಕೆ ಎಲೆಯ ಮೇಲಿನ ಕೈ ತಾನಾಗಿ ಸರಿಯುತ್ತದೆ. ಸರಿಯದಿದ್ದರೆ ಹೊಟ್ಟೆ ತುಂಬಿದೆ ಎಂದರ್ಥ. ಮಗಳ ಮನೆಯಲ್ಲಿ, ಅದೂ ಅಳಿಯನ ಎದುರು, ಮೊದಲ ಸಲಕ್ಕೇ ತಟ್ಟೆ ಚಾಚುವ ಅಪ್ಪ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನನ್ನ ಗಂಡನ ಊರಿನಲ್ಲಂತೂ ನಾನು ಹೊಸ ಸೊಸೆಯಾಗಿ ಹೋದಾಗ, ಬೇಡ ಬೇಡ ಎನ್ನುತ್ತಿದ್ದ ಹಾಗೇ ತಾಟಿನ ಮೇಲೆ ರೊಟ್ಟಿಯ ಅಟ್ಟಿ ಏರಿತ್ತು. ಅಂಥ ಮನೆಯಲ್ಲಿ ಹುಟ್ಟಿದವನು ಈಗ ಚಮಚ ವಾಪಸು ಇಡುತ್ತಾನೆ. ನಾನು ಡಬ್ಬಿಯ ಮುಚ್ಚಳ ಒತ್ತುತ್ತೇನೆ.

ಇದನ್ನು ನಾವು ಸುಲಭದಲ್ಲಿ ಕಲಿತದ್ದೂ ಅಲ್ಲ. ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬಳ ಮನೆಯಲ್ಲಿ ಕೇಕು ಕೊಟ್ಟಾಗ ನಾನು ರೂಢಿಯಂತೆ ಬೇಡ ಎಂದಿದ್ದೆ. ಕೇಕು ನನ್ನ ಕಣ್ಣೆದುರೇ ಫ್ರಿಜ್ಜಿಗೆ ಹೋಯಿತು. ಹಸಿದುಕೊಂಡು ಮನೆಗೆ ಬಂದು ಗಂಡನ ಹತ್ತಿರ, ಎಂಥ ಜನ ಮಾರಾಯ, ಇನ್ನೊಂದು ಸಲ ಕೇಳುವುದಕ್ಕೆ ಇವರ ಗಂಟೇನು ಹೋಗುತ್ತದೆ ಎಂದು ಅತ್ತಿದ್ದೆ. ಆಮೇಲೆ ಮೊದಲ ಸಲಕ್ಕೇ ಹೂಂ ಅನ್ನುವುದನ್ನು ಕಲಿತೆ. ಕಲಿತದ್ದಕ್ಕೆ ಎಷ್ಟು ಬೀಗಿದೆನೆಂದರೆ, ಕಲಿಯದೆ ಬಂದ ಅಪ್ಪನನ್ನು ಆರು ವಾರ ಅರೆಹೊಟ್ಟೆಯಲ್ಲಿ ಮಲಗಿಸಿ, ಅವನು ತೆಳ್ಳಗಾದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಆ ಶೆಡ್ಡಿನಲ್ಲಿ ಕೂತು ನನಗೆ ನನ್ನ ಮೇಲೇ ಹೇಸಿಗೆ ಆಯಿತು.

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಗೆ ತಲೆ ಆನಿಸಿ ಸಣ್ಣಗೆ ತೇಗಿದ. "ಪಾಪ, ಒಳ್ಳೆ ಹೆಂಗ್ಸು. ಎಷ್ಟು ಒತ್ತಾಯ ಮಾಡ್ತು," ಎಂದ. ಮೀನಿನ ಬಗ್ಗೆ ಒಂದು ಮಾತೂ ಇಲ್ಲ. ಅಲ್ಲಿಯವರೆಗೆ ಊಟದ ಬಗ್ಗೆಯೇ ಯೋಚಿಸುತ್ತಿದ್ದ ನನಗೆ ಆಗ ಇದ್ದಕ್ಕಿದ್ದಂತೆ ಟಿಕೆಟಿನ ನೆನಪಾಯಿತು. ಇನ್ನು ನಾ ಹೊರಡ್ತೆ ಎಂದು ಅಪ್ಪ ಹೇಳಿದ್ದು ಒಂದೇ ಸಲ. ನಮ್ಮ ಕಡೆ ಯಾವ ನೆಂಟ ಆ ಮಾತು ಹೇಳುವುದಿಲ್ಲ? ಅದಕ್ಕೆ, ಏನವಸರ, ಇವತ್ತು ಮಂಗಳವಾರ, ನಾಳೆ ಅಮಾವಾಸ್ಯೆ, ಇದ್ದು ಹೋಗಿ ಎಂದು ಬ್ಯಾಗು ಕಿತ್ತಿಡದ ಮನೆ ಯಾವುದು? ನಾನು ಯಾವ ತಾರೀಖು ಎಂದು ಕೇಳಿದ್ದೆ.

ಶನಿವಾರ ಬೆಳಿಗ್ಗೆ ಅಪ್ಪ ಸೋಮವಾರದ ವಿಮಾನಕ್ಕೆ ಬ್ಯಾಗು ತುಂಬುತ್ತಿದ್ದ. ನಾನು ಕೋಣೆಗೆ ಹೋಗಿ ಅವನ ಹಾಸಿಗೆಯ ಮೇಲೆ ಕೂತೆ.

"ಅಪ್ಪಾ, ಸೋಮವಾರ ನೀ ಹೋಗೂದು ಬೇಡ. ವೀಸಾ ಇರೂವರೆಗೆ ಇರು."

"ಛೇ, ಬೇಡ. ಟಿಕೆಟ್ ಆಗ್ಯದೆ."

"ಬದಲು ಮಾಡ್ತೆ."

"ಬೇಡ ಬಿಡು ಮಾರಾಯ್ತಿ. ನಿಮಗೆಂತಕ್ಕೆ ತೊಂದ್ರೆ."

ವಿಮಾನ ಕಂಪನಿಗೆ ಫೋನು ಹಚ್ಚಿದೆ. ಮುಂಚೆ ಹೋಗುವುದಾದರೆ ಹತ್ತು ನಿಮಿಷ, ಉಳಿಯುವುದಾದರೆ ವೆಬ್‌ಸೈಟು ಒಪ್ಪುವುದಿಲ್ಲ, ಫೋನಿನಲ್ಲೇ ಮಾತಾಡಬೇಕಂತೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಯಂತ್ರ ಹೇಳಿ ಪಿಟೀಲು ಬಾರಿಸತೊಡಗಿತು. ಮುಕ್ಕಾಲು ಗಂಟೆ ಬಾರಿಸಿತು. ಅಪ್ಪ ಐದು ನಿಮಿಷಕ್ಕೊಮ್ಮೆ "ಬೇಡ ಬಿಡು" ಎನ್ನುತ್ತಿದ್ದ, ನಾನು "ಸುಮ್ನೆ ಕೂತ್ಕೊ ಅಪ್ಪಾ" ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನು ಬನಿಯನ್ ಮಡಚುವುದನ್ನು ನಿಲ್ಲಿಸಿದ.

"ನೀ ಟಿಕೆಟ್ ಮಾಡ್ದ ದಿವ್ಸ ನಂಗೆ ನಿದ್ದೆ ಬರ್ಲಿಲ್ಲ," ಎಂದ. ನನ್ನ ಕಡೆ ನೋಡದೆ, ಬನಿಯನ್ನಿಗೆ ಹೇಳುವಂತೆ. "ಇಲ್ಲಿ ಬಂದು ನಾ ಎಂತ ತಪ್ಪು ಮಾಡ್ದೆ ಅಂತ ಒಂದೊಂದೇ ನೆನಪು ಮಾಡ್ಕಂಡೆ. ಬೆಳಿಗ್ಗೆ ಕೆಮ್ಮೂದು ಜೋರಾಯ್ತೋ, ಬಚ್ಚಲಲ್ಲಿ ನೀರು ಜಾಸ್ತಿ ಚೆಲ್ತೆನೋ, ಅಳಿಯಂಗೆ ಬೇಜಾರಾಯ್ತೋ ಅಂತ. ಮತ್ತೆ ಆ ದಿವ್ಸದಿಂದ ಕೆಮ್ಮು ಬಂದ್ರೆ ಬಾಲ್ಕನಿಗೆ ಹೋಗ್ತಿದ್ದೆ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಅತ್ತೆ. ಅಷ್ಟೊತ್ತಿಗೆ ಪಿಟೀಲು ನಿಂತು ಒಬ್ಬಳು ಮಾತಿಗೆ ಬಂದಳು. ಮೂಗು ಒರೆಸಿಕೊಂಡು ಟಿಕೆಟಿನ ನಂಬರು ಹೇಳಿದೆ. ಮೊದಲ ಟಿಕೆಟಿನ ದಿನಕ್ಕೆ ಜಾಗ ಇಲ್ಲ, ಅದಕ್ಕಿಂತ ಎರಡು ದಿನ ಮುಂಚಿನದು ಇದೆ, ಈ ಸಲ ಬದಲಿಸಿದರೆ ಮತ್ತೆ ಬದಲಿಸಲು ಆಗುವುದಿಲ್ಲ ಎಂದಳು. ಆಗಲಿ ಎಂದೆ.

"ಪ್ರಯಾಣಿಕರು ಇದಕ್ಕೆ ಒಪ್ಪಿದ್ದಾರೆಯೇ? ಅವರನ್ನು ಒಮ್ಮೆ ಕೇಳಿ..." ಎಂದು ಆಕೆ ಶುರುಮಾಡಿದಳು. ನಾನು ಅಪ್ಪನ ಕೈಯಿಂದ ಬನಿಯನ್ ಕಿತ್ತು ಕಪಾಟಿಗೆ ಹಾಕುತ್ತ, "ಅವರು ಬೇಡ ಅಂದಿದ್ದಾರೆ, ನೀವು ಬದಲಿಸಿ," ಎಂದೆ.